ತೇವಾಂಶ

ಮೊದಲ ಮೂರು ದಿನ
ಕಂಪನಿ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ
ಆರೂ ನಲವತ್ತಕ್ಕೆ ನಿಂತೇ ನಿಂತಿತು.
ಡ್ರೈವರ್ ಸಾಯಬಣ್ಣನಿಗೆ ಗೊತ್ತು, ನಾನಿನ್ನು ಬರುವುದಿಲ್ಲ;
ಅವನ ಕಾಲಿಗೆ ಗೊತ್ತಿರಲಿಲ್ಲ, ಅಷ್ಟೆ.
ಹದಿನಾಲ್ಕು ವರ್ಷ ಅದೇ ಜಾಗದಲ್ಲಿ ಬ್ರೇಕು ಒತ್ತಿದ ಕಾಲು.
ನಾನು ಕಿಟಕಿಯ ಮರೆಯಲ್ಲಿ, ಬಾಯಲ್ಲಿ ಬ್ರಶ್ಶು,
ಉದ್ರಿ ವಸೂಲಿಗೆ ಬಂದವನಿಗೆ
ಮನೆಯಲ್ಲಿಲ್ಲ ಅನ್ನಿಸಿದವಳ ಹಾಗೆ ನಿಂತಿದ್ದೆ.

ಸೇಡಮ್ಮಿನ ಸಿಮೆಂಟು ಕಾರ್ಖಾನೆಯಲ್ಲಿ
ನಾನು ಬೆಂಕಿಯ ಜ್ವರ ನೋಡುವವಳು.
ಸಾವಿರದ ನಾನೂರ ಐವತ್ತು ಡಿಗ್ರಿ;
ಸ್ವಲ್ಪ ಏರಿದರೆ ಕೆಂಪು ದೀಪ,
ಇನ್ನಷ್ಟು ಏರಿದರೆ ಮುಂಬೈಯಿಂದ ಫೋನು.
ಬಿಡುವ ದಿನ ಎಚ್‌ಆರ್ ಹುಡುಗ ಫಾರ್ಮು ಚಾಚಿದ:
ಬಿಡಲು ಕಾರಣ.
ಮದುವೆ, ಹೆರಿಗೆ, ಆರೋಗ್ಯ, ವ್ಯಾಸಂಗ, ಬೇರೆ ಕಂಪನಿ, ಇತರೆ.
ಇತರೆಯ ಮುಂದೆ ಅರ್ಧ ಗೆರೆ ಜಾಗ.
'ತೊಗರಿ' ಎಂದು ಬರೆದೆ.
ಅವನು ಓದಿ, ನನ್ನ ಮುಖ ನೋಡಿ,
ಸೀಲು ಒತ್ತಿದ.

ಈಗ ಕಪನೂರಿನಲ್ಲಿ, ಭಂವರಲಾಲ್ ಸೇಠರ ದಾಲ್ ಮಿಲ್ಲಿನ ಮಗ್ಗುಲಿಗೆ
ತಗಡಿನ ಒಂದು ಖೋಲಿ.
ಮೇ ತಿಂಗಳು. ಲ್ಯಾಪ್‌ಟಾಪಿನ ಕೆಳಗೆ ಒದ್ದೆ ಗೋಣಿತಾಟು.
ಅಂಗಳದ ತುಂಬ ಎಣ್ಣೆ ನೀರು ಕುಡಿದ ತೊಗರಿ ಬಿಸಿಲಿಗೆ ಮೈಯೊಡ್ಡಿದೆ.
ಒಂದನೇ ತಾರೀಖು ಫೋನು ಟಿಣ್ ಅನ್ನಲಿಲ್ಲ.
ಎರಡನೇ ತಾರೀಖೂ ಅನ್ನಲಿಲ್ಲ,
ಆದರೂ ಎರಡು ಸಲ ತೆಗೆದು ನೋಡಿದೆ.
ನಮ್ಮವರು ಏನೂ ಕೇಳುವುದಿಲ್ಲ;
ಹಾಲಿನವನ ಲೆಕ್ಕ ಮಾತ್ರ ಈಗ ದನಿಯೆತ್ತಿ ಓದುತ್ತಾರೆ.
ಅವ್ವ ಮಗ್ಗಲ ಮನೆಯವರಿಗೆ ಹೇಳಿದ್ದಾಳೆ:
"ಮಗಳು ರಜಾ ಮ್ಯಾಲ ಅದಾಳ್ರಿ."
ಎಂಟು ತಿಂಗಳಿಂದ ರಜಾ.

ಮಿಲ್ಲಿನಲ್ಲಿ ಮೌಲಾಸಾಬ ಇದ್ದಾರೆ.
ಮೂವತ್ತೆಂಟು ವರ್ಷದಿಂದ ಅವರ ಹಲ್ಲೇ ಇಲ್ಲಿಯ ಮೀಟರು.
ಒಂದು ಕಾಳು ಎತ್ತಿ, ಅಂಗಿಗೆ ಒರೆಸಿ, ಕಡಿಯುತ್ತಾರೆ.
ಕಟಕ್ ಅಂದರೆ ಒಣಗಿದೆ, ಒಡೆಯಿರಿ.
ಕಚ್ ಅಂದರೆ ಇನ್ನೆರಡು ಬಿಸಿಲು.
ಆ ಎರಡು ಸಪ್ಪಳದ ನಡುವೆ
ಒಂದು ಕೂದಲು ಹಾಯುವಷ್ಟು ಸಂದು;
ನನ್ನ ಪಿಎಫ್ಫು, ಎರಡು ಬಳೆ,
ನಲವತ್ತನೆಯ ವರ್ಷ,
ಎಲ್ಲ ತಂದು ಅಲ್ಲಿ ಸುರಿದಿದ್ದೇನೆ.

ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೊಂದು ಮೈಕು,
ಕಾಳು ಕಡಿಯಲು ಉಕ್ಕಿನ ಪುಟ್ಟ ದವಡೆ.
ಡಬ್ಬಿ ಹೇಳಿತು: ಹನ್ನೊಂದೂವರೆ.
ಸೇಠರು ಮೆಚ್ಚಿ ಚಹಾ ತರಿಸಿದರು.
ಮೌಲಾಸಾಬ ಕಡಿದು, ತಲೆಯಾಡಿಸಿ,
"ಹಸಿ ಅದ, ಬೇಟಿ" ಅಂದರು.
ಒಲೆಯಲ್ಲಿಟ್ಟು ತೂಗಿದರೆ ಹದಿಮೂರು.
ಚಹಾ ಕುಡಿಯದೆ ಎದ್ದೆ.

ಅಂದಿನಿಂದ ದಿನಾ ಮಧ್ಯಾಹ್ನ
ಅವರು ಕಡಿಯುತ್ತಾರೆ, ನಾನು ಹಿಡಿಯುತ್ತೇನೆ.
ಬಲದವಡೆ ಎಂದೋ ಖಾಲಿ;
ನನ್ನ ಯಂತ್ರಕ್ಕೂ ಆದ್ದರಿಂದ
ಎಡಮಗ್ಗುಲಿನದೇ ವಿದ್ಯೆ.

ನಿನ್ನೆ ಕೇಳಿದರು:
"ಇದು ಪೂರಾ ಕಲತ ಮ್ಯಾಲ
ನನ್ನ ಹಲ್ಲಿಗೆ ಏನ್ ಕೆಲಸ, ಬೇಟಿ?"
ಉತ್ತರ ಇರಲಿಲ್ಲ. ಕಾಗದ ಇತ್ತು.
ಬಿಡಿಸಿ ತೋರಿಸಿದೆ: ಕಂಪನಿಯಲ್ಲಿ ನಿಮ್ಮದು ಎರಡು ಟಕ್ಕಾ.
"ಎರಡು ಟಕ್ಕಾ ಅಂದ್ರ ಕ್ವಿಂಟಲಿಗೆ ಎಷ್ಟ ಬೀಳ್ತದ?"
"ಸದ್ಯಕ್ಕ ಸೊನ್ನಿ" ಅಂದೆ.
ನಕ್ಕರು. ಹಲ್ಲಿಲ್ಲದ ಕಡೆಯೂ ಕಂಡಿತು.
ಆಮೇಲೆ ಆ ಕಾಗದವನ್ನು ನಾಲ್ಕಾಗಿ ಮಡಚಿ
ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡರು;
ನಂಬಿದರೋ, ನನ್ನ ಮನಸ್ಸು ನೋಯದಿರಲೆಂದೋ,
ಅದನ್ನು ಅಳೆಯುವ ಡಬ್ಬಿ ನನ್ನಲ್ಲಿಲ್ಲ.

ಇವತ್ತೂ ಬಂದು ಕೂತಿದ್ದಾರೆ.
ಫ್ಯಾನು ಬಂದ್ ಮಾಡಿದೆ, ಸಪ್ಪಳ ಬೀಳಬಾರದು.
ತಗಡು ಕಾಯುತ್ತಿದೆ.
ಇಬ್ಬರ ಬೆವರೂ ಒಂದೇ ಟೇಬಲ್ಲಿನ ಮೇಲೆ ತೊಟ್ಟಿಕ್ಕುತ್ತಿದೆ.
ಎರಡು ಸಾವಿರದ ನೂರಾ ಏಳನೆಯ ಕಾಳು.

ಕಚ್.

ಬರೆದುಕೊಂಡೆ.